ಕಡಿತದ ಕಾಲಂ

ಮಾರ್ಚ್ ಬಂತೆಂದರೆ ಪೀಣ್ಯದ ಈ ಮಹಡಿಯಲ್ಲಿ
ಎಲ್ಲರೂ ನನಗೆ ನೆಂಟರು.
ಬಾಡಿಗೆ ರಸೀದಿ ಹಿಡಿದು ಬರುತ್ತಾರೆ,
ರೆವಿನ್ಯೂ ಸ್ಟಾಂಪಿನ ಅಂಟು ಇನ್ನೂ ಆರಿರುವುದಿಲ್ಲ.

ಕಂಪನಿ ಒಂದೇ, ಪಂಪು ಒಂದೇ,
ಗ್ರೇಡು ಒಂದೇ, ಸಂಬಳ ಒಂದೇ.
ಆದರೂ ಇಲ್ಲಿನ ಜಬೀವುಲ್ಲಾನಿಂದ ತಿಂಗಳಿಗೆ
ಇನ್ನೂರು ವೃತ್ತಿ ತೆರಿಗೆ ಮುರಿದುಕೊಳ್ಳುತ್ತೇನೆ,
ದಿಲ್ಲಿ ಬ್ರಾಂಚಿನ ನೈಥಾನಿಗೆ ಆ ಕಾಲಮ್ಮೇ ಇಲ್ಲ.
ಅತ್ತಿಬೆಲೆ ದಾಟಿದರೆ ಹೊಸೂರು,
ಅಲ್ಲಿ ಲೆಕ್ಕ ಆರು ತಿಂಗಳಿಗೊಮ್ಮೆ.
"ಟೋಲ್ ಗೇಟಿನ ಆಚೆ ಬೆವರಿಗೂ ಬೇರೆ ದರವಾ ಮೇಡಂ?"
ಚಹಾ ಕುಡಿಸಿ ಕಳಿಸಿದೆ.

ಕೊನೆಗೆ ಸ್ಟೋರ್ಸಿನ ಪೆಮಾ ಲ್ಹಾಮು, ಸಿಕ್ಕಿಮಿನವಳು.
"ನಮ್ಮಣ್ಣ ಗ್ಯಾಂಗ್ಟಾಕಿನಲ್ಲಿ ಇಷ್ಟೇ ದುಡೀತಾನೆ,
ಒಂದು ಪೈಸೆ ಕಟ್ಟಲ್ಲ.
ನಮ್ಮಜ್ಜನ ಹೆಸರು ರಾಜನ ಕಾಲದ ರಿಜಿಸ್ಟರಿನಲ್ಲಿದೆ."
ನಿಜವೇ. ಆದರೆ ಆ ವಿನಾಯಿತಿ
ಗುಡ್ಡ ಇಳಿಯುವುದಿಲ್ಲ, ರೈಲು ಹತ್ತುವುದಿಲ್ಲ, ಎಂದೆ.
ಅವಳು ವಾದಿಸಲಿಲ್ಲ. ಕರಾರುಪತ್ರ ಬಿಚ್ಚಿದಳು.

ದಾಸರಹಳ್ಳಿ, ಮೂರನೇ ಮಹಡಿ, ಒಂದು ಕೋಣೆ.
ಎದುರು ಕೋಣೆಯ ತಿಪಟೂರಿನ ಹುಡುಗಿಗೆ ಏಳು ಸಾವಿರ,
ಇವಳಿಗೆ ಒಂಬತ್ತೂವರೆ. ಅಡ್ವಾನ್ಸು ಹತ್ತು ತಿಂಗಳದ್ದು.
"ಆ ಕಡೆಯವರಿಗೆ ರೇಟೇ ಬೇರೆ" ಅಂದರಂತೆ ಓನರಮ್ಮ,
ಮುಖ ನೋಡಿಯೇ ಸ್ಲ್ಯಾಬು ಹಾಕಿ.

ಎರಡೂವರೆ ಸಾವಿರ.
ಕರ್ಸರು ಮಿಟುಕುತ್ತಲೇ ಇತ್ತು.
ಯಾವ ಕಾಲಮ್ಮಿನಲ್ಲಿ ಬರೆಯಲಿ?
ಬಾಡಿಗೆ ಎಂದೇ ಬರೆದೆ.

ಹೋಗುವಾಗ ಅಂಗೈಗೆ ಒಂದು ಛುರ್ಪಿ ಇಟ್ಟಳು,
ಯಾಕ್ ಹಾಲಿನ ಒಣ ಗಿಣ್ಣು, ಕಲ್ಲಿನಷ್ಟು ಗಟ್ಟಿ.
ಇನ್ನೂ ನಾಲ್ಕು ಜನರ ಫಾರಂ ಮುಗಿಸಿದೆ,
ಅದು ದವಡೆಯಲ್ಲೇ ಇತ್ತು.