ತಗಡಿನ ಮೇಲೆ ಹನ್ನೊಂದು

ಹೆಸರಲ್ಲೇನೋ ರಣವಿದೆ; ಈ ಹದ್ದು ಕಂಡ ರಣ ಯಾವುದು?
ಬ್ರಿಕಾಮದ ಕಸಾಯಿಖಾನೆಯ ತಗಡಿನ ಮೇಲೆ
ನಸುಕಿಗೇ ಬಂದು ಕೂರುತ್ತವೆ.
ಸೈನಿ ಮಂಜಾಂಗ್ ಕತ್ತಿ ಮಸೆಯುವ ಸದ್ದಿಗೆ
ಒಂದೊಂದಾಗಿ ಇಳಿಯುತ್ತವೆ
ಸಾಲ ಕೇಳಲು ಬಂದ ನೆಂಟರ ಹಾಗೆ
ಹಿಂದೆ ಮುಂದೆ ನೋಡುತ್ತ.

ಕೆಸರುಗಂದು ಮೈ. ಕತ್ತಿನಿಂದ ನೆತ್ತಿಯವರೆಗೆ
ಹಳೆಯ ಕುಲಾವಿಯಂಥ ಬೂದು ತುಪ್ಪುಳ.
ಮೋರೆ ಮಾತ್ರ ಬತ್ತಲೆ, ಎಳೆಗೂಸಿನ ಅಂಗಾಲಿನ ಬಣ್ಣ.
ಕೊಕ್ಕು ಸಣ್ಣ, ದಬ್ಬಣ:
ತೊಗಲು ಸೀಳಲಾರದು, ಎಲುಬು ಒಡೆಯಲಾರದು.
ದೊಡ್ಡ ಹದ್ದುಗಳು ಉಂಡೆದ್ದ ಮೇಲೆ
ಸಂದುಗೊಂದಿಯಲ್ಲಿ ಉಳಿದದ್ದೇ ಇದರ ಪಾಲು.
ಇಲ್ಲಿ ದೊಡ್ಡ ಹದ್ದುಗಳಿಲ್ಲ. ನಾಯಿಗಳಿವೆ,
ನಾವಿದ್ದೇವೆ.

ಬಿಸಿಲೇರಿದರೆ ರೆಕ್ಕೆ ಬಿಚ್ಚಿ ನಿಲ್ಲುತ್ತವೆ,
ಒಗೆದು ಹರವಿದ ಕೋಟು.

ಸೈನಿಯ ಮಗಳು ನ್ಯಿಮಾಸತಾ ಕೇಳುತ್ತಾಳೆ:
ಕರುಳು ಎಸೆದಾಗ ಅದರ ಮುಖ ಕೆಂಪಾಗುತ್ತಲ್ಲ,
ನಾಚಿಕೆಯಾ ಅಪ್ಪಾ?
ನಾಚಿಕೆ ಹೊಟ್ಟೆ ತುಂಬಿದವರಿಗೆ, ಎನ್ನುತ್ತಾನೆ ಅವನು
ನೆಲಕ್ಕೆ ನೀರು ಹೊಡೆಯುತ್ತ.

ಹೋದ ತಿಂಗಳು ಮೋಟರ್ ಸೈಕಲ್ಲಿನಲ್ಲಿ ಒಬ್ಬ ಬಂದ.
ಒಳ್ಳೆಯ ಷೂ, ಮೆಲುಮಾತು.
ಒಂದು ತಲೆಗೆ ಎರಡು ಸಾವಿರ ದಲಾಸಿ.
ಒಣಗಿಸಿ ತಾಯಿತ ಕಟ್ಟಿದರೆ ನಾಳೆ ಕಾಣುತ್ತದಂತೆ,
ಲಾಟರಿ ನಂಬರು ಸಮೇತ.
ಸೈನಿ ಕತ್ತಿ ಒರೆಸಿದ.
ನಾಳೆ ಕಾಣುವ ಹಕ್ಕಿ
ಬೆಳಗಿನಿಂದ ನನ್ನ ಬಾಗಿಲಲ್ಲಿ ಯಾಕೆ ಕಾಯುತ್ತೆ ಯಜಮಾನ?
ಆತ ನಕ್ಕ. ನಗುತ್ತಲೇ ಹೋದ.
ಬೇರೆಲ್ಲೋ ಯಾರಿಗೋ ಎರಡು ಸಾವಿರ ಬೇಕಿತ್ತು.

ಈಗ ಎಣಿಸಿದರೆ ಹನ್ನೊಂದು.
ನಲವತ್ತಿದ್ದವು, ಮರಳುಗಾಳಿ ಏಳುವ ಮುಂಚೆ.
ಮೋರಿಯ ಬದಿ ಕರುಳು ಮಧ್ಯಾಹ್ನದ ತನಕ ಬಿದ್ದಿರುತ್ತದೆ,
ನೊಣ ಗುಂಯ್ ಎನ್ನುತ್ತದೆ,
ನಗರಸಭೆಯವರು ಬಂದು ಬ್ಲೀಚಿಂಗ್ ಪೌಡರ್ ಚೆಲ್ಲಿ
ಸಹಿ ಹಾಕಿಸಿಕೊಂಡು ಹೋಗುತ್ತಾರೆ.

ಶಾಲೆಯ ಹಿಂದಿನ ಬೂರುಗದ ಕವಲಲ್ಲಿ
ಕಡ್ಡಿ, ಹಸಿ ಎಲೆ, ಯಾರದೋ ಹರಿದ ಪ್ಲಾಸ್ಟಿಕ್ಕು,
ಒಂದು ಗೂಡು.
ವರ್ಷಕ್ಕೆ ಒಂದೇ ಮೊಟ್ಟೆ; ಅದು ಕೆಟ್ಟರೆ ವರ್ಷವೇ ಕೆಟ್ಟಂತೆ.
ಪ್ರಾರ್ಥನೆಯ ಸಾಲಿನಲ್ಲಿ ಕಣ್ಣು ಮುಚ್ಚದೆ
ಮೇಲೆ ನೋಡುವ ನ್ಯಿಮಾಸತಾಳ ಕಿವಿ
ಮೇಷ್ಟ್ರು ಎರಡು ಸಲ ಹಿಂಡಿದ್ದಾರೆ.

ನಿನ್ನೆ ಗೂಡಿನಂಚಿಗೆ ಒಂದು ತಲೆ ಬಂತು.
ಕುಲಾವಿ ಇನ್ನೂ ಕಪ್ಪು, ಮುಖ ಬಿಳಿಚು,
ಹಸಿವನ್ನು ಕೆಂಪಗೆ ತೋರುವುದನ್ನು
ಕಲಿಯದ ಮುಖ.

ಅವಳು ಯಾರಿಗೂ ಹೇಳಿಲ್ಲ, ಅಪ್ಪನಿಗೂ.
ಬೆಲೆ ಗೊತ್ತಾಗಿದೆ ಅವಳಿಗೆ.