ಸೊಟ್ಟ ಬೈತಲೆ

ಅಲಬಾಮಾದ ಮೊಬೀಲ್ ಊರಿನಲ್ಲಿ
ಮಳೆ ಹೇಳಿ ಬರುವುದಿಲ್ಲ, ಹೇಳಿ ಹೋಗುವುದೂ ಇಲ್ಲ.
ಬೆಳಿಗ್ಗೆ ಒಂದು, ಊಟದ ಹೊತ್ತಿಗೆ ಇನ್ನೊಂದು,
ನಡುವೆ ಕೊಲ್ಲಿಯ ಕಡೆಯಿಂದ ಉಗಿಯಂಥ ಬಿಸಿಲು.
ಆ ಬಿಸಿಲಿನ ಎರಡು ತಾಸು ನನ್ನದು.
ಹುಲ್ಲಿನ ತುದಿ ಆರಿದ್ದರೆ ಸಾಕು; ಬುಡ ಆರಲಿ ಎಂದು
ಕಾಯುತ್ತ ಕೂತರೆ ಅಕ್ಟೋಬರ್ ಬರುತ್ತದೆ.

ಸಂತ ಆಗಸ್ಟೀನನ ಹೆಸರಿನ ಹುಲ್ಲು ಇದು.
ನಡತೆಯಲ್ಲಿ ಸಂತನೇನಲ್ಲ.
ಬೀಜ ಬೇಡ, ಅಪ್ಪಣೆ ಬೇಡ; ಗೆಣ್ಣುಗೆಣ್ಣಿಗೂ ಬೇರು ಬಿಟ್ಟು
ತೆವಳಿಕೊಂಡು ಕಾಲುದಾರಿಯ ಸಿಮೆಂಟು ಹತ್ತಿ
ಹ್ಯಾಸ್ಕ್ಯೂ ಅವರ ಬೇಲಿಯೊಳಗೆ ಕೈ ತೂರಿಸುತ್ತದೆ.
ನಾಲ್ಕು ದಿನಕ್ಕೆ ಎರಡು ಬೆರಳು.

ಮೂವತ್ತೊಂದು ವರ್ಷ ಇದನ್ನು ಕೊಯ್ದವನು ಆಲ್ಟನ್.
ಹಡಗುಕಟ್ಟೆಯಲ್ಲಿ ಬೆಸುಗೆ ಹಾಕುತ್ತಿದ್ದವನು,
ಶನಿವಾರ ಹುಲ್ಲಿಗೂ ಅದೇ ನೇರ ಗೆರೆ.
ಸಕ್ಕರೆ ಕಾಯಿಲೆ ಮೊದಲು ಎಡಗಣ್ಣು ತಿಂದಿತು,
ಬಲಗಣ್ಣನ್ನು ಬಿಟ್ಟುಕೊಟ್ಟಂತೆ ಮಾಡಿ
ಕ್ರಿಸ್‌ಮಸ್ ಕಳೆದ ಮೇಲೆ ಅದನ್ನೂ.
ಯಂತ್ರದ ಹಿಡಿಕೆ ನನ್ನ ಕೈಗೆ ಬಂತು.
ಶಾಲೆಯ ಬಸ್ಸು ಇಪ್ಪತ್ತಾರು ವರ್ಷ ಓಡಿಸಿದವಳಿಗೆ
ಇದೇನು ಮಹಾ ಅಂದುಕೊಂಡೆ.

ಅವನು ಜಗಲಿಯಲ್ಲಿ ಕೂತು ಕಿವಿಯಲ್ಲೇ ನೋಡುತ್ತಾನೆ.
"ವರ್ಲೀನ್, ಅಲಗು ಮೊಂಡಾಗಿದೆ,
ಕೊಯ್ಯುತ್ತಿಲ್ಲ ಅದು, ಹರಿಯುತ್ತಿದೆ."
"ಇನ್ನೊಂದು ಬೆರಳು ಎತ್ತು. ಬುಡಕ್ಕೆ ಬಿಸಿಲು ಬಿದ್ದರೆ
ಕಳೆಗೆ ಕರೆಯೋಲೆ ಕೊಟ್ಟಂತೆ."
ಒಮ್ಮೆ ಮೂಗರಳಿಸಿ, "ಅಂಜೂರದ ಮರದ ಕೆಳಗೆ ಬೂಷ್ಟು" ಎಂದ.
ಹೋಗಿ ನೋಡಿದೆ: ತಟ್ಟೆಯಗಲ ಕಂದು ಮಚ್ಚೆ,
ಎಳೆದರೆ ಗರಿ ಕೈಗೇ ಬಂತು, ಬುಡ ಕೊಳೆತು.
ಸಂಜೆ ನೀರು ಹಾಕಿದ್ದು ನಾನೇ.
ಇಷ್ಟು ಮಳೆಯ ಊರಲ್ಲಿ ಯಾರಾದರೂ ನೀರು ಹಾಕುತ್ತಾರೆಯೇ?
ಹಾಕಿದ್ದೆ. ಅವನಿಗೆ ಹೇಳಲಿಲ್ಲ.

ಜೂನ್ ಹದಿನೇಳು. ಅಂಗಳದ ಅರ್ಧಕ್ಕೆ ಬಂದಿದ್ದೆ,
ಓಕ್ ಮರದಾಚೆ ಆಕಾಶ ಹರಿದು ಬಿತ್ತು.
ಯಂತ್ರವನ್ನು ಗರಾಜಿಗೆ ದಬ್ಬಿ
ಗಲ್ಲದಿಂದ ನೀರಿಳಿಯುತ್ತ ತಿರುಗಿ ನೋಡಿದರೆ
ಅಂಗಳಕ್ಕೆ ಬೈತಲೆ ತೆಗೆದಂತಿತ್ತು:
ಜಗಲಿಯ ಮೆಟ್ಟಿಲಿಂದ ಅಂಚೆಡಬ್ಬಿಯವರೆಗೆ
ಒಂದು ಮಗ್ಗುಲು ನುಣ್ಣಗೆ, ಒಂದು ಮಗ್ಗುಲು ಕೆದರಿ,
ನಡುವೆ ಸೊಟ್ಟ ಗೆರೆ.
ತಲೆ ಅಲ್ಲಾಡಿಸುವ ಮೊಮ್ಮಗಳಿಗೆ ಜಡೆ ಹೆಣೆವಾಗಲೂ
ಹೀಗೇ ಆಗುತ್ತದೆ ನನಗೆ.

ಮರುದಿನ ಬೆಳಿಗ್ಗೆ ಕಾಫಿ ಸುರಿಯುತ್ತಿದ್ದೇನೆ,
ಜಗಲಿಯ ಕುರ್ಚಿ ಖಾಲಿ.
ಅವನು ಹುಲ್ಲಿನಲ್ಲಿದ್ದ. ಬರಿಗಾಲು.
ಬರಿಗಾಲು ಕೂಡದೆಂದು ಡಾಕ್ಟರು ಬರೆದುಕೊಟ್ಟ ಚೀಟಿ
ಫ್ರಿಜ್ಜಿನ ಬಾಗಿಲಲ್ಲೇ ಇದೆ.
ಎಡಗಾಲು ಕೊಯ್ದ ಹುಲ್ಲಿನಲ್ಲಿ, ಬಲಗಾಲು ಕೊಯ್ಯದ್ದರಲ್ಲಿ,
ಕಣಕಾಲಿಗೆ ಗರಿ ತಾಕದಾಗ ನಿಂತು, ತಾಕಿದಾಗ ನಡೆದು,
ನನ್ನ ಸೊಟ್ಟಕ್ಕೆಲ್ಲ ಸೊಟ್ಟಾಗಿ ತಿರುಗಿ
ಅಂಚೆಡಬ್ಬಿಯ ಬಾಗಿಲು ತೆರೆದ.
ಕೋಲಿಲ್ಲದೆ, ನನ್ನ ಮೊಣಕೈ ಇಲ್ಲದೆ.
ಒಳಗೆ ಕರೆಂಟು ಬಿಲ್ಲು, ಹಲ್ಲಿನ ಡಾಕ್ಟರ ಜಾಹೀರಾತು.
ಮೊದಲ ಸಂಬಳದಂತೆ ಎದೆಗೊತ್ತಿ ತಂದ.
ಇತ್ತ ಕಾಫಿ ಲೋಟ ತುಂಬಿ ಮೇಜೆಲ್ಲ ಹರಿದಿತ್ತು.

ಅಂದಿನಿಂದ ಹಾಗೆಯೇ ಕೊಯ್ಯುತ್ತೇನೆ.
ಈ ವಾರ ಎಡಮಗ್ಗುಲು, ಮುಂದಿನ ವಾರ ಬಲ.
ಯಾವುದೆಂದು ಹೇಳುವುದಿಲ್ಲ,
ಮೆಟ್ಟಿಲಿಳಿದ ಕಾಲಿಗೆ ತಾನೇ ತಿಳಿಯುತ್ತದೆ.
ಹ್ಯಾಸ್ಕ್ಯೂ ಬೇಲಿಯ ಮೇಲಿಂದ, "ಪೆಟ್ರೋಲು ಮುಗಿಯಿತೇ?
ಹುಡುಗನನ್ನು ಕಳಿಸಲೇ, ಉಳಿದರ್ಧಕ್ಕೆ?"
ಬೇಡ ಅಂದೆ.
ಅಂದವಾದ ಅಂಗಳ ಅವರ ಪಾಲಿಗಿರಲಿ.

ಆಲ್ಟನ್ನನೂ ಕಾರಣ ಕೇಳಿಲ್ಲ.
ಮೊನ್ನೆ ಮಾತ್ರ, "ಡಬ್ಬಿಯ ಹತ್ತಿರ ಎರಡು ಮಾರು
ಗೆರೆ ಮಸುಕಾಗಿದೆ" ಅಂದ,
ಹಡಗುಕಟ್ಟೆಯ ಮೇಸ್ತ್ರಿಯ ದನಿಯಲ್ಲಿ.

ಈಗ ಸೆಪ್ಟೆಂಬರ್. ರಾತ್ರಿಗಳು ಒಂದಿಷ್ಟು ಹಗುರ.
ಡಿಸೆಂಬರಿಗೆ ಇದು ಗೋಣಿಯ ಬಣ್ಣಕ್ಕೆ ತಿರುಗಿ
ಎಲ್ಲ ಒಂದೇ ಮಟ್ಟಕ್ಕೆ ಮಲಗಿಬಿಡುತ್ತದೆ.
ಆಗ ಏನು ಮಾಡುವುದೋ. ಮರಳು ಸುರಿಯಬಹುದು.
ಹಗ್ಗ ಕಟ್ಟಬಹುದು; ಹಗ್ಗವನ್ನು ಅವನು ಮುಟ್ಟುವುದಿಲ್ಲ, ಗೊತ್ತು.
ಮಳೆ ಈಗಷ್ಟೇ ನಿಂತಿದೆ, ಓಕ್ ಮರದ ಹನಿ ನಿಂತಿಲ್ಲ.
ಹುಲ್ಲಿನ ತುದಿಯನ್ನು ಅಂಗೈಯಲ್ಲಿ ಸವರಿ ನೋಡುತ್ತೇನೆ:
ಇನ್ನೂ ಅರ್ಧ ತಾಸು.