ಹದಿನೇಳು ಸಲ ಬೈನಿರ್

ಕ್ಲಾಕ್ಸ್‌ವೀಕ್ ಬಂದರು, ತೂಕದ ಕಚೇರಿ, ಬೆಳಿಗ್ಗೆ ಐದೂಕಾಲು.
ಕಿಟಕಿಯಾಚೆ ಕತ್ತಲು ಇನ್ನೂ ಹಸಿ, ಉಪ್ಪುಪ್ಪು.
ಮರ್ಯುನ್ ಕೈಗವಸಿನ ಬೆರಳತುದಿಗಳನ್ನು ಕತ್ತರಿಸಿಕೊಂಡಿದ್ದಾಳೆ.
ಕೀಲಿಮಣೆಗೆ ಅಷ್ಟು ಚರ್ಮ ಸಾಕು.

ಮೂವತ್ತೊಂದು ವರ್ಷ ಇದನ್ನೇ ನಾನು ಕೈಯಾರೆ ಬರೆದೆ:
ದೋಣಿ, ನಾಯಕ, ತೂಕ, ಬಂದ ಹೊತ್ತು.
ಈಗ ಪಕ್ಕದಲ್ಲಿ ಕೂತು ನೋಡುತ್ತೇನೆ, ಚಹಾ ಕಾಯಿಸುತ್ತೇನೆ,
ಇನ್ನೆಂಟು ತಿಂಗಳಿಗೆ ನನ್ನ ಕುರ್ಚಿಯೂ ಅವಳದೇ.

‘ನೋಡು ಸೋಲ್ವಾ, ನಾಲ್ಕು ಬುಟ್ಟಿ ಇಟ್ಟಿದ್ದೇನೆ,
ನಾಲ್ಕು ಕಾಲಮ್ಮಿಗೆ ಕಟ್ಟಿದ್ದೇನೆ.
ಸಾಲು ಬಂದ ಹಾಗೆಲ್ಲ ತಾವೇ ತುಂಬುತ್ತವೆ,
ಎತ್ತಿ ಹಾಕುವ ಕೆಲಸವೇ ಇಲ್ಲ.’

ನಾನು ಹಗ್ಗ ಕಂಡವಳು.
ಗಂಟು ದೋಣಿಯ ಹೆಸರು ಓದುವುದಿಲ್ಲ,
ಗೂಟ ಎಲ್ಲಿದೆಯೋ ಅಲ್ಲಿಗೆ ಬೀಳುತ್ತದೆ.
ಹೋದ ಚಳಿಗಾಲ ರಾಜಧಾನಿಯ ಯಾರೋ
ದೋಣಿಗೂ ನಾಯಕನಿಗೂ ನಡುವೆ
‘ಮೀನಿನ ಜಾತಿ’ ಎಂದೊಂದು ಕಾಲಂ ತುರುಕಿದರು.
ಇಡೀ ದಿನ ಹ್ಯಾಡಕ್ ಮೀನೇ ನಾಯಕ.
ತೂಕದ ಜಾಗದಲ್ಲಿ ಟ್ರೋಂದುರ್ ಕೂತಿದ್ದ.
ಅವನ ಹೆಂಡತಿ ಓದಿ, ‘ಅಷ್ಟೇನೂ ಸುಳ್ಳಲ್ಲ’ ಅಂದಳು.

ಇವತ್ತಿನದು ನಗುವಂಥದ್ದಲ್ಲ.
ಆರಕ್ಕೆ ಪಟ್ಟಿ ಗೋಡೆಗೆ ಬೀಳಬೇಕು. ದೋಣಿ ಹದಿನೇಳು.
ಕಾಗದ ಬಿಸಿಬಿಸಿ ಹೊರಬಂತು, ನೋಡದೆ ಅಂಟಿಸಿದೆ:

ಸ್ಕಾರ್ವುರ್, ಬೈನಿರ್, ಖಾಲಿ, ಖಾಲಿ.
ಸ್ಕಾರ್ವುರ್, ಬೈನಿರ್, ಖಾಲಿ, ಖಾಲಿ.
ಹೀಗೇ ಕೆಳಗಿನವರೆಗೂ.

ಖಾಲಿ ಅಂದರೆ ಸೊನ್ನೆಯಲ್ಲ.
ಬಲೆ ಎಳೆದು, ಬಗ್ಗಿ ನೋಡಿ,
‘ಏನೂ ಇಲ್ಲ’ ಅಂದವನ ಮಾತು ಸೊನ್ನೆ.
ಇದು ಇನ್ನೂ ಯಾರೂ ಆಡದ ಮಾತು.

ಹರಾಜುಕಟ್ಟೆ ತೊಳೆಯುತ್ತಿದ್ದ ಎಬ್ಬಾ
ನೀರಿನ ಕೊಳವೆ ನಿಲ್ಲಿಸಿದಳು.
ಮೇಲಿಂದ ಕೆಳಗೆ ಓದಿದಳು, ಬೆರಳಿಟ್ಟು ಓದಿದಳು,
ಮಗನ ಹೆಸರನ್ನು ಹದಿನೇಳು ಸಲ.
‘ಇಷ್ಟು ಸಲ ಹೇಳಬೇಕಿರಲಿಲ್ಲ.
ಒಂದು ಸಲಕ್ಕೇ ನಾನು ರಾತ್ರಿಯಿಡೀ ಎದ್ದು ಕೂತಿದ್ದೆ.’

ಮರ್ಯುನ್ ಬೆಳ್ಳಗಾದಳು. ಪರದೆಗೆ ಮೂಗು ತಾಗುವಷ್ಟು ಬಗ್ಗಿದಳು.
ಆಮೇಲೆ ಮೆಲ್ಲಗೆ, ನನಗೋ ತನಗೋ:
‘ಮೀನನ್ನು ಎತ್ತಿಡಲಿಲ್ಲ ನಾನು.
ಬುಟ್ಟಿ ಎಲ್ಲಿದೆ ಅಂತ ಮಾತ್ರ ಬರೆದುಕೊಂಡೆ,
ಹದಿನೇಳು ಸಲ, ಅದೇ ಬುಟ್ಟಿ.’

ಇದ್ದದ್ದು ಒಂದೇ ಬುಟ್ಟಿ.
ಒಬ್ಬ ಬಂದು ತುಂಬಿದ, ಇನ್ನೊಬ್ಬ ಬಂದ, ಹಿಂದಿನದು ಹೋಯಿತು.
ಕೊನೆಗೆ ಯಾರು ಹೋಗಿ ಇಣುಕಿದರೂ
ಕಾಣುವವನು ಕೊನೆಯವನೇ.

ನನ್ನ ಲೆಕ್ಕದ ಪುಸ್ತಕಕ್ಕೆ ಈ ಮರೆವು ಬರುತ್ತಿರಲಿಲ್ಲ.
ಜಾಣತನವಲ್ಲ, ಮಸಿಯ ಗುಣ:
ಒಣಗಿದ್ದು ಅಲ್ಲೇ ಉಳಿಯುತ್ತಿತ್ತು,
ಮುಂದಿನ ಹೆಸರಿಗೆ ಮುಂದಿನ ಗೆರೆ ಬೇಕೇ ಬೇಕಾಗುತ್ತಿತ್ತು.
ಹಾಗಂತ ಹೇಳಲಿಲ್ಲ. ಅವಳ ಕೈ ನಡುಗುತ್ತಿತ್ತು.
‘ಸುರಿದುಕೋ,’ ಅಂದೆ, ‘ಆಮೇಲೆ ಮುಂದಿನವನನ್ನು ಕರೆ.’

ಒಂದೇ ಸಾಲಿನ ತಿದ್ದುಪಡಿ. ಹೊಸ ಕಾಗದ.
ಟ್ರೋಂದುರ್ ಬಂದ, ಮೂರೂವರೆ ಟನ್ನು.
ಹೋಗ್ನಿ ಬಂದ. ಅಣ್ಣತಮ್ಮಂದಿರ ಜೋಡಿದೋಣಿ ಬಂತು.
ಹದಿನಾರು ಹೆಸರು ತಂತಮ್ಮ ತೂಕದ ಜೊತೆ ದಡ ಹತ್ತಿದವು.

ಹದಿನೇಳನೆಯ ಸಾಲು ಮಾತ್ರ
ತಪ್ಪು ಪಟ್ಟಿಯಲ್ಲೂ ಸರಿಯೇ ಇತ್ತು,
ಸರಿ ಪಟ್ಟಿಯಲ್ಲೂ ಹಾಗೇ ಇದೆ.

ಎಬ್ಬಾ ಮಗುಚಿದ ಪೆಟ್ಟಿಗೆಯ ಮೇಲೆ ಕೂತಿದ್ದಾಳೆ.
ಅವಳ ಚಹಾದ ಮೇಲೆ ಕೆನೆ ಕಟ್ಟಿದೆ.
ಆರೂ ಹತ್ತು.
‘ಮತ್ತೆ ಕೇಳು,’ ಅಂದೆ.
ಮರ್ಯುನ್ ಮತ್ತೆ ಕೇಳಿದಳು.
ಆರೂಕಾಲು. ಮತ್ತೆ.